ಮೊದಲ ಪುಟದ ಬೂಟು

ಮಾರ್ಚ್ ೧೨, ೨೦೦೧, ಸೋಮವಾರ

ಕೊನೆಗೂ ಕೆಲಸ ಎನ್ನುವಂಥ ಕೆಲಸ ಬಂದಿದೆ. ಗಜಾನನ ಸರ್ ಅವರ ಕಂಪ್ಯೂಟರ್ ಅಂಗಡಿ ಸೇರಿದ ಈ ಆರು ತಿಂಗಳಲ್ಲಿ ನಾನು ಮಾಡಿದ್ದು ಮೂರೇ ವೆಬ್‌ಸೈಟು. ಒಂದು ಮಂಗಲ ಕಾರ್ಯಾಲಯದ್ದು, ಒಂದು ಹಲ್ಲಿನ ಡಾಕ್ಟರದ್ದು, ಮತ್ತೊಂದು ಸರ್ ಅವರದೇ. ಮೂರರಲ್ಲೂ ನಕ್ಷತ್ರ ಮಿನುಗಬೇಕು, ಅಕ್ಷರ ಓಡಬೇಕು, ‘ಸುಸ್ವಾಗತ’ ಕುಣಿಯಬೇಕು. ಡಾಕ್ಟರಿಗಂತೂ ಹಲ್ಲು ಗಿರಗಿರನೆ ತಿರುಗಬೇಕಿತ್ತು. ತಿರುಗಿಸಿಕೊಟ್ಟೆ.

ಇವತ್ತು ಟಿಳಕವಾಡಿಯ ನಮ್ಮ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದವರು ಬಾಳಾಸಾಹೇಬರು. ಮಚ್ಛೆಯಲ್ಲಿ ಅವರದೊಂದು ಫೌಂಡ್ರಿ ಇದೆ. ಕಬ್ಬಿಣ ಕರಗಿಸಿ ಪಂಪಿನ ಭಾಗಗಳನ್ನು ಎರಕ ಹೊಯ್ಯುತ್ತಾರೆ. ಇಷ್ಟು ದಿನ ಮಾಲು ಕೊಲ್ಲಾಪುರ, ಪುಣೆಗೆ ಹೋಗುತ್ತಿತ್ತು. ಈಗ ಪರದೇಶಕ್ಕೆ ಕಳಿಸುವ ಆಸೆ ಹುಟ್ಟಿದೆ.

"ನೋಡ್ರಿ ಬಾಯಿ, ಆ ಇಟಲಿ ಮನಷ್ಯಾ ನನ್ನ ಮಾರಿ ನೋಡಿಲ್ಲ, ನನ್ನ ಫೌಂಡ್ರಿ ನೋಡಿಲ್ಲ. ಪೇಜ್ ತೆರದ ಕೂಡ್ಲೆ ಅವನ ಎದಿ ಝಲ್ ಅನ್ನಬೇಕು. ಏಕದಂ! ಎರಡನೇ ಪೇಜ್ ನೋಡ್ಲಿ ಬಿಡ್ಲಿ, ಮೊದಲನೇದ್ದ ನೋಡಿ ಕುರ್ಚ್ಯಾಗ ಹಿಂದ ಸರೀಬೇಕು."

ನಕ್ಷತ್ರ ಬೇಡ, ಓಡುವ ಅಕ್ಷರ ಬೇಡ, ಒಂದೇ ಒಂದು ಫೋಟೋ ಸಾಕು ಅಂದೆ. ಸುತ್ತ ಕಪ್ಪು, ನಡುವೆ ಬೆಂಕಿ. ಗಜಾನನ ಸರ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಬಾಳಾಸಾಹೇಬರು ಮಾತ್ರ ಬೆಂಕಿ ಎಂಬ ಮಾತು ಕೇಳಿದ್ದೇ ಕಣ್ಣರಳಿಸಿದರು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಅಂದರೆ ಪೇಂಟರ್ ದುಂಡಪ್ಪ, ಅವನು ಬರೆದ ಬೋರ್ಡು ಇಲ್ಲದ ಬೀದಿ ಒಂದು ಕಾಲಕ್ಕೆ ಈ ಬೆಳಗಾವಿಯಲ್ಲಿ ಇರಲಿಲ್ಲ. ಸ್ಟಿಕರ್ ಬೋರ್ಡು ಬಂದ ಮೇಲೆ ಅಪ್ಪ ಆಟೋ ನಗರ ಸೇರಿ ಲಾರಿಗಳ ಬೆನ್ನಿಗೆ ನವಿಲು ಬರೆಯುತ್ತಾನೆ. ಅವ್ವ ಹೋದ ಮೇಲೆ ಮನೆಯಲ್ಲಿ ಇರುವವರು ನಾವಿಬ್ಬರೇ, ಹಾಗಾಗಿ ನನ್ನ ಕಂಪ್ಯೂಟರ್ ಪುರಾಣವನ್ನೆಲ್ಲ ಅವನೇ ಕೇಳಬೇಕು.

"ಸೈಕಲ್ ಮ್ಯಾಲ ಹೋಗಾಂವ ಒಂದು ಕಾಲ ನೆಲಕ್ಕ ಊರಿ ನಿಂತ ನೋಡಬೇಕ ನೇತ್ರಾ. ಅದು ಬೋರ್ಡು," ಎಂದ ಅಪ್ಪ.

ಕಾಲು ಊರಿಸುತ್ತೇನೆ, ನೋಡುತ್ತಿರು ಅಂದೆ.

ಮಾರ್ಚ್ ೧೬, ಶುಕ್ರವಾರ

ಮಚ್ಛೆಯಿಂದ ಬಂದು ಎರಡು ಸಲ ತಲೆಗೆ ನೀರು ಹಾಕಿಕೊಂಡರೂ ಕಪ್ಪು ಮರಳು ಇನ್ನೂ ಕೂದಲಲ್ಲೇ ಇದೆ.

ಶುಕ್ರವಾರ ಫೌಂಡ್ರಿಯಲ್ಲಿ ಭಟ್ಟಿಗೆ ಪೂಜೆ. ಭಟ್ಟಿಯ ಹೊಟ್ಟೆಗೆ ವಿಭೂತಿ ಬಳಿದು, ಕಾಯಿ ಒಡೆದು, ಆಮೇಲೆಯೇ ಕಬ್ಬಿಣ ಬಿಡುತ್ತಾರೆ. ನಾನೂ ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದೆ. ಕಬ್ಬಿಣ ಹೊಯ್ಯುವ ಆಳು ಒಬ್ಬ ಕೂಗಿ ತಡೆದ.

"ಚಪ್ಪಲ್ ಬಿಡಬ್ಯಾಡ್ರಿ ಅಕ್ಕಾರ! ದೇವರು ಏನೂ ಅನ್ನೂದಿಲ್ಲ. ಕಿಡಿ ಸುಮ್ನ ಇರೂದಿಲ್ಲ."

ಅವನ ಕಾಲಲ್ಲೇ ಏನೂ ಇರಲಿಲ್ಲ. ಯಾರ ಕಾಲಲ್ಲೂ ಇರಲಿಲ್ಲ, ಬಾಳಾಸಾಹೇಬರ ಕಾಲು ಬಿಟ್ಟರೆ. ಹೆಸರು ಏನೋ ಹೇಳಿದ, ಭಟ್ಟಿಯ ಸದ್ದಿನಲ್ಲಿ ಕೇಳಿಸಲಿಲ್ಲ. ಖಾನಾಪುರದ ಕಡೆ ಪಾರಿಶ್ವಾಡದವನಂತೆ. ಮುಖ ಮಾತ್ರ ಫೋಟೋಕ್ಕೆಂದೇ ಮಾಡಿದ ಹಾಗಿದೆ, ಬೆಂಕಿಯ ಬೆಳಕು ಬಿದ್ದರೆ ತಾಮ್ರದ ಹಾಗೆ ಹೊಳೆಯುತ್ತದೆ. ಉದ್ದ ಹಿಡಿಕೆಯ ದೊಡ್ಡ ಸೌಟಿನ ತುಂಬ ಕರಗಿದ ಕಬ್ಬಿಣ ಹಿಡಿದು ನಿಂತಾಗ ನನಗೆ ಬೇಕಾದದ್ದು ಸಿಕ್ಕಿತು ಅನ್ನಿಸಿತು. ಅಲ್ಲಾಡಬೇಡ, ಹಾಗೇ ನಿಲ್ಲು, ಇನ್ನೊಮ್ಮೆ, ಇನ್ನೊಮ್ಮೆ ಅಂತ ನಾಲ್ಕು ಸಲ ನಿಲ್ಲಿಸಿದೆ. ಕೈ ನಡುಗಿದರೂ ಪಾಪ ಇಲ್ಲ ಅನ್ನಲಿಲ್ಲ.

ಹೊರಡುವಾಗ ಹಿಂದೆಯೇ ಬಂದ. "ಅಕ್ಕಾರ, ನಮ್ಮವ್ವಗ ಒಂದು ಕಾಪಿ ಕೊಡ್ತೀರೇನ್ರಿ? ನಾ ಇಲ್ಲಿ ಏನ್ ಮಾಡ್ತೀನಿ ಅಂತ ಅಕಿಗೆ ತಿಳಿಯಂಗಿಲ್ಲ. ಕಬ್ಬಿಣದ ಅಂಗಡ್ಯಾಗ ಅದಾನ ಅಂತ ಊರಾಗ ಹೇಳ್ಕೊಂಡ ತಿರಗತಾಳ."

ಕೊಡುತ್ತೇನೆ ಅಂದೆ.

ಮಾರ್ಚ್ ೨೧, ಬುಧವಾರ

ಪುಟ ತಯಾರಾಗಿದೆ. ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಂಥ ಒಂದು ಉಪಾಯ ಮಾಡಿದ್ದೇನೆ, ಬರೆದಿಡಬೇಕು.

ನಮ್ಮ ಫೋನ್ ಲೈನಿನಲ್ಲಿ ಫೋಟೋ ತೆರೆಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಎಲ್ಲರೂ ಗೋಳಾಡುತ್ತಾರೆ. ಚಿತ್ರ ಮೇಲಿನಿಂದ ಕೆಳಗೆ ಗೆರೆ ಗೆರೆಯಾಗಿ ಇಳಿಯುತ್ತದೆ. ಎಲ್ಲರೂ ಫೋಟೋ ಚಿಕ್ಕದು ಮಾಡುತ್ತಾರೆ. ನಾನು ದೊಡ್ಡದೇ ಇಟ್ಟೆ. ಮೊದಲು ಬರೀ ಕತ್ತಲೆ ಬರುತ್ತದೆ. ಆಮೇಲೆ ಕಿಡಿಗಳು. ಆಮೇಲೆ ಆ ಮುಖ. ಆಮೇಲೆ ಕೈ, ಸೌಟು, ಕೆಂಪಗೆ ಬೀಳುವ ಕಬ್ಬಿಣ. ಕಟ್ಟಕಡೆಗೆ ಕಾಲು, ನೆಲ, ಅದರ ಮೇಲೆ ಫೌಂಡ್ರಿಯ ಹೆಸರು. ಇಟಲಿಯವನು ಕಾಯಬೇಕು. ಕಾಯುವಾಗಲೇ ಅವನ ಎದೆ ಝಲ್ ಅನ್ನಬೇಕು.

ಬಾಳಾಸಾಹೇಬರು ಬಂದು ನೋಡಿದರು. ನಿಜವಾಗಿ ಕುರ್ಚಿಯಲ್ಲಿ ಹಿಂದೆ ಸರಿದರು. ಗಜಾನನ ಸರ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆದರೆ ಚಿತ್ರ ಪೂರ್ತಿ ಇಳಿದ ಮೇಲೆ ಬಾಳಾಸಾಹೇಬರು ಮೂಗು ಪರದೆಗೆ ತಾಗುವಷ್ಟು ಬಗ್ಗಿದರು.

"ಅರೆ, ಬರಿಗಾಲಾಗ ಅದಾನಲ್ಲ ಬೀರ್ಯಾ! ಇದು ನಡೆಂಗಿಲ್ರಿ. ಆ ಮಂದಿ ಸೇಫ್ಟಿ ಸೇಫ್ಟಿ ಅಂತ ಜೀವಾ ತಿಂತಾರ. ಹ್ಯಾಂಗೂ ಎಲ್ಲಾರಿಗೂ ಬೂಟ್ ತರಸಾಂವ ಇದ್ದೆ. ಬರೂ ವಾರ ಬೂಟ್ ಬರ್ತಾವ, ಹಾಕ್ಸಿ ನಿಂದರಸ್ತೀನಿ, ಮತ್ತೊಮ್ಮೆ ಫೋಟೋ ತಕ್ಕೊಳ್ರಿ."

ಮತ್ತೊಮ್ಮೆಯಂತೆ! ಆ ಬೆಂಕಿ ಮತ್ತೊಮ್ಮೆ ಹಾಗೆ ಬರುತ್ತದೆಯೇ? ಆ ಕಿಡಿ ಆ ಮುಖದ ಪಕ್ಕದಲ್ಲೇ ಬಂದು ಸಿಡಿಯುತ್ತದೆಯೇ? ಫೋಟೋ ಮುಟ್ಟುವುದು ಬೇಡ, ಬೂಟು ನಾನೇ ಕಂಪ್ಯೂಟರಿನಲ್ಲಿ ಹಾಕಿಕೊಡುತ್ತೇನೆ, ಗುರುತು ಸಿಕ್ಕರೆ ಕೇಳಿ ಎಂದು ಸವಾಲು ಹಾಕಿದೆ.

"ಹಂಗೂ ಆಗತೈತೇನ್ರಿ?" ಎಂದರು ಬಾಳಾಸಾಹೇಬರು.

ಆಗುತ್ತದೆ ಅಂದೆ.

ಮಾರ್ಚ್ ೨೪, ಶನಿವಾರ

ಆಗಲಿಲ್ಲ. ಮೂರು ದಿನ ಒದ್ದಾಡಿದೆ. ಕ್ಯಾಟಲಾಗಿನಿಂದ ಕತ್ತರಿಸಿ ಅಂಟಿಸಿದ ಬೂಟು ನೆಲ ಮುಟ್ಟದೆ ಗಾಳಿಯಲ್ಲಿ ತೇಲುತ್ತದೆ. ಪಾದದ ತಿರುವು ಬೇರೆ, ಬೂಟಿನ ತಿರುವು ಬೇರೆ. ನಿನ್ನೆ ಸಂಜೆ ಸಿಟ್ಟು ಬಂದು ಪ್ರಿಂಟ್ ತೆಗೆದುಕೊಂಡು ಮನೆಗೆ ಬಂದೆ.

ಅಪ್ಪನ ಎಡಗಣ್ಣಿಗೆ ಪೊರೆ ಬಂದಿದೆ. ಪ್ರಿಂಟನ್ನು ಮೂಗಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಬೂಟಿಗೆ ತೂಕ ಇರತೈತಿ ಮಗಳ. ನೀ ಬೂಟ ಬರದಿ, ತೂಕ ಬರದಿಲ್ಲ. ನೆಳ್ಳ ನೆಲಾನ ಒತ್ತಿ ಹಿಡೀಬೇಕು. ಬೆಂಕಿ ಯಾವ ಬಾಜು ಐತಿ? ಬಲಕ್ಕ. ಹಂಗಾರ ಬೂಟಿನ ಮೂತಿಗೆ ಒಂದು ಕೆಂಪನ್ನ ಗೆರಿ ಬೇಕು, ಇಷ್ಟ, ಕೂದಲೆಳಿ ಅಷ್ಟ."

ಪೆಟ್ಟಿಗೆಯಿಂದ ಹಳೆಯ ಕುಂಚ ತೆಗೆದ. ಬಿಳಿ ಕಾರ್ಡ್‌ಶೀಟಿನ ಮೇಲೆ ಎಡಗಾಲಿನ ಬೂಟು ಬರೆದ. ಊಟಕ್ಕೂ ಏಳಲಿಲ್ಲ. ಇವತ್ತು ಅದನ್ನು ಸ್ಕ್ಯಾನ್ ಮಾಡಿ ಕೂರಿಸಿದರೆ, ದೇವರಾಣೆಗೂ ನನಗೇ ಮೈ ಜುಮ್ಮೆಂದಿತು. ಎಡಗಾಲಿನದು ಅಪ್ಪನದು, ಅದನ್ನು ನೋಡಿ ಬಲಗಾಲಿನದು ನಾನು ಮಾಡಿದೆ. ನನ್ನದು ಅಷ್ಟು ಚೆನ್ನಾಗಿಲ್ಲ, ಆದರೆ ಕತ್ತಲಲ್ಲಿದೆ, ನಡೆಯುತ್ತದೆ. ಎಡಗಾಲಿನ ಗಿಣ್ಣಿನ ಮೇಲೆ ಒಂದು ಕರಿ ದಾರ ಕಟ್ಟಿಕೊಂಡಿದ್ದಾನೆ ಆ ಆಳು, ಬೂಟಿನ ಅಂಚಿಗೆ ಅಡ್ಡ ಬರುತ್ತಿತ್ತು. ಅಳಿಸಿದೆ.

ಅಪ್ಪ ಅಂಗಡಿಗೇ ಬಂದು ಪರದೆಯ ಮೇಲೆ ನೋಡಿದ. ಸ್ಟಿಕರ್ ಬಂದಾಗಿನಿಂದ ಅವನ ಮುಖದಲ್ಲಿ ಆ ಕಳೆ ನೋಡಿರಲಿಲ್ಲ.

"ಇದನ್ನ ಇಟಲ್ಯಾಗ ನೋಡ್ತಾರಂತೇನ?" ಎಂದು ಮೂರು ಸಲ ಕೇಳಿದ.

ಏಪ್ರಿಲ್ ೨, ಸೋಮವಾರ

ವೆಬ್‌ಸೈಟು ಹೊರಟಿತು. ಬಾಳಾಸಾಹೇಬರು ಎರಡು ಡಬ್ಬಿ ಕುಂದಾ ಕಳಿಸಿದರು. ಎಲ್ಲಿ ಕೈಯಾಡಿಸಿದ್ದೇನೆ ಗುರುತು ಹಿಡಿಯಿರಿ ಎಂದು ಅಂಗಡಿಗೆ ಬಂದವರನ್ನೆಲ್ಲ ಕೂರಿಸಿ ತೋರಿಸಿದೆ, ಒಬ್ಬರೂ ಹಿಡಿಯಲಿಲ್ಲ.

ಆ ಆಳಿಗೆ ಕೊಟ್ಟ ಮಾತು ಮರೆತಿಲ್ಲ. ದೊಡ್ಡ ಪ್ರಿಂಟ್ ಒಂದನ್ನು ಬಾಳಾಸಾಹೇಬರ ಡ್ರೈವರ್ ಕೈಯಲ್ಲಿ ಕಳಿಸಿದೆ. ಬೂಟು ಇರುವ ಪ್ರಿಂಟೇ, ಅದೇ ಚೆಂದ. ಸ್ಟುಡಿಯೋದಲ್ಲಿ ರೋಲು ತೊಳೆಸಿದಾಗ ಬಂದ ಮೊದಲಿನ, ಬರಿಗಾಲಿನ ಫೋಟೋ ಈ ಡೈರಿಯ ಹಿಂದಿನ ರಟ್ಟಿನಲ್ಲಿ ಸಿಕ್ಕಿಸಿದ್ದೇನೆ, ನೆನಪಿಗೆ ಇರಲಿ ಅಂತ.

ಮೇ ೯, ಬುಧವಾರ

ಇಟಲಿಯಿಂದ ಪತ್ರ ಬಂದಿದೆ! ಬಾಳಾಸಾಹೇಬರಿಗೆ ನಾನೇ ಓದಿ ಹೇಳಿದೆ. ಮೊದಲ ಪುಟ ನೋಡಿ ಬೆರಗಾದರಂತೆ. ಕೆಲಸಗಾರರಿಗೆ ಒಳ್ಳೆಯ ಬೂಟು ಕೊಟ್ಟಿರುವುದು ಕಂಡು ಸಂತೋಷವಾಯಿತಂತೆ. ಮಾದರಿ ಮಾಲು ಕಳಿಸಿ ಎಂದಿದ್ದಾರೆ.

"ಬೂಟಿನ ಆರ್ಡರ್ ಕ್ಯಾನ್ಸಲ್ ಮಾಡ್ದೆ ನೋಡ್ರಿ ಬಾಯಿ," ಎಂದರು ಬಾಳಾಸಾಹೇಬರು, ಹೊಟ್ಟೆ ಕುಲುಕಿಸಿ ನಗುತ್ತಾ. "ನೀವು ಹಾಕಿದ್ದ ಸಾಕಾತು. ನಮ್ಮ ಮಂದೀಗೆ ಕೊಟ್ರರೆ ಎಲ್ಲಿ ಹಾಕ್ಕೊಂತಾರ? ಸಂತ್ಯಾಗ ಮಾರ್ತಾರ."

ಗಜಾನನ ಸರ್ ನಕ್ಕರು. ನಾನೂ ನಕ್ಕೆ.

ಉದ್ಯಮಬಾಗದ ಇನ್ನೂ ಇಬ್ಬರು ಫೌಂಡ್ರಿಯವರು ‘ಅಂಥಾದ್ದೇ ಬೇಕು’ ಎಂದು ಬಂದು ಹೋಗಿದ್ದಾರೆ. ನನಗೆ ಹೊಸ ಕುರ್ಚಿ ಬಂತು, ತಿರುಗುವ ಕುರ್ಚಿ.

ಜೂನ್ ೧೯, ಮಂಗಳವಾರ

ಮಚ್ಛೆಯಲ್ಲಿ ಅಪಘಾತ ಆಗಿದೆಯಂತೆ. ಮಳೆಗೆ ತಗಡು ಸೋರಿ ಮರಳಿನ ಅಚ್ಚಿನೊಳಗೆ ನೀರು ಇಳಿದಿತ್ತಂತೆ. ಅದರ ಮೇಲೆ ಕಬ್ಬಿಣ ಹೊಯ್ದ ಕೂಡಲೇ ಸಿಡಿದು, ಸೌಟು ವಾಲಿ, ಹೊಯ್ಯುವವನ ಕಾಲ ಮೇಲೆ ಬಿತ್ತಂತೆ.

ಯಾರು ಎಂದು ಸರ್ ಹೇಳಲಿಲ್ಲ. ಹೊಯ್ಯುವವರು ನಾಲ್ಕೈದು ಜನ ಇದ್ದಾರೆ.

ಜೂನ್ ೨೦, ಬುಧವಾರ

ಅವನೇ.

ಜೂನ್ ೨೭, ಬುಧವಾರ

ಅವನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರಂತೆ. ಜೀವಕ್ಕೆ ಅಪಾಯ ಇಲ್ಲವಂತೆ.

ಗಜಾನನ ಸರ್ ಬಾಗಿಲು ಮುಂದೆ ಮಾಡಿ ಒಂದು ಕಾಗದ ಮೇಜಿನ ಮೇಲಿಟ್ಟರು. ಬಾಳಾಸಾಹೇಬರ ವಕೀಲರು ಬರೆಸಿದ್ದು. ಮಾರ್ಚ್ ಹದಿನಾರರಂದು ಫೌಂಡ್ರಿಯಲ್ಲಿ ಫೋಟೋ ತೆಗೆದವಳು ನಾನು, ಆ ಹೊತ್ತಿನಲ್ಲಿ ಕೆಲಸಗಾರ ಬೀರೇಶ ಮಾಲಕರು ಕೊಟ್ಟ ಬೂಟು ಧರಿಸಿದ್ದ, ವೆಬ್‌ಸೈಟಿನಲ್ಲಿರುವುದು ಅದೇ ಫೋಟೋ ಎಂದು ಬರೆದಿತ್ತು. ಕೊಟ್ಟ ಬೂಟನ್ನು ಅವನು ತಾನಾಗಿ ತೆಗೆದಿಟ್ಟ ಎಂದಾದರೆ ತಪ್ಪು ಅವನದೇ ಆಗುತ್ತದೆ, ಕಾರ್ಮಿಕ ಅಧಿಕಾರಿಗಳ ಮುಂದೆ ಅವನ ಪರಿಹಾರದ ಪ್ರಕರಣ ನಿಲ್ಲುವುದಿಲ್ಲವಂತೆ.

"ಬಾಳಾಸಾಹೇಬ್ರು ಅವನ್ನ ಹಂಗ ಬಿಡೂದಿಲ್ಲ ನೇತ್ರಾ, ತಮ್ಮ ಕೈಲೆ ಏನರೆ ಕೊಡ್ತಾರ. ಇದು ಬರೀ ಕಾಗದಕ್ಕ," ಎಂದರು ಸರ್. "ಫೌಂಡ್ರಿ ಮುಚ್ಚಿದ್ರ ಉಳದ ಮಂದಿ ಎಲ್ಲಿ ಹೋಗಬೇಕು?"

ಅದೂ ನಿಜ. ಉಳಿದವರದೂ ನೋಡಬೇಕಲ್ಲ. ನಾನು ಬೇಡ ಎಂದರೆ ಬೇರೆ ಯಾರಾದರೂ ಸಹಿ ಮಾಡುತ್ತಾರೆ. ಸಹಿ ಮಾಡಿದೆ.

ಕಂಪ್ಯೂಟರಿನಲ್ಲಿದ್ದ ಮೊದಲಿನ ಫೋಟೋ ಅಳಿಸು ಎಂದರು. ಅಳಿಸಿದೆ. ಸ್ಟುಡಿಯೋದ ಪ್ರತಿಯನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ತಲೆನೋವು.

ಜುಲೈ ೧, ಭಾನುವಾರ

ಅಪ್ಪನಿಗೆ ಆಟೋ ನಗರದಲ್ಲಿ ಯಾರೋ ಹೇಳಿದ್ದಾರೆ. ಊಟದ ತಾಟಿನ ಮುಂದೆ ಕೂತವನು ಕೈ ತೊಳೆದುಬಿಟ್ಟ.

"ಯಾವ ಕಾಲು?" ಎಂದು ಕೇಳಿದ.

ಎಡಗಾಲು ಅಂದೆ. ಅವನು ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ಕುಂಚದ ಪೆಟ್ಟಿಗೆ ತೆಗೆದು, ಒಂದೊಂದೇ ಕುಂಚ ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿ, ಮತ್ತೆ ಪೆಟ್ಟಿಗೆಗೆ ಹಾಕಿದ.

ಜುಲೈ ೮, ಭಾನುವಾರ

ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಧೋತರ ಉಟ್ಟು, ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ.

"ಪಾರಿಶ್ವಾಡಕ್ಕ ಹೋಗೂಣು ನಡಿ. ನನಗ ಬಸ್ಸಿನ ಬೋರ್ಡ್ ಕಾಣಂಗಿಲ್ಲ, ಇಲ್ಲಂದ್ರ ನಾ ಒಬ್ಬನ ಹೋಗ್ತಿದ್ದೆ."

ಖಾನಾಪುರದಲ್ಲಿ ಬಸ್ಸು ಬದಲಿಸಿದೆವು. ಸ್ಟ್ಯಾಂಡಿನ ಶೆಡ್ಡಿನ ಕೆಳಗೆ ಮುಕ್ಕಾಲು ಗಂಟೆ ಮಳೆ ನೋಡುತ್ತಾ ನಿಂತೆವು. ಕಂಡಕ್ಟರ್ ಮರಾಠಿಯಲ್ಲಿ ಕೇಳಿದ, ಅಪ್ಪ ಮರಾಠಿಯಲ್ಲೇ ಎರಡು ಪಾರಿಶ್ವಾಡ ಎಂದ. ದಾರಿಯುದ್ದಕ್ಕೂ ನಾವು ಆಡಿದ ಮಾತು ಅಷ್ಟೇ.

ಬೀರೇಶನ ಮನೆ ಊರ ಅಂಚಿಗಿದೆ. ಪಡಸಾಲೆಯ ಅರ್ಧಕ್ಕೆ ಕುರಿಮರಿಗಳು, ಇನ್ನರ್ಧಕ್ಕೆ ಅವನ ಹೊರಸು. ಅವನ ತಾಯಿ ಫಕೀರವ್ವ ಕಂಬಳಿ ಹಾಸಿ, "ಕುಂದರ್ರಿ, ಬೆಳಗಾವಿಂದ ಮಳ್ಯಾಗ ಬಂದೀರಿ," ಎಂದು ಚಹಾ ಇಟ್ಟಳು. ಬೀರೇಶ ನನ್ನನ್ನು ನೋಡಿ ಎದ್ದು ಕೂರಲು ಹೋದ, ಆಗಲಿಲ್ಲ. ಅವನ ಎಡಗಾಲು ಎಲ್ಲಿ ಮುಗಿಯುತ್ತದೋ ಅಲ್ಲಿ ದುಪ್ಪಡಿ ಚಪ್ಪಟೆಯಾಗಿತ್ತು. ನಾನು ಗೋಡೆ ನೋಡಿದೆ.

ಗೋಡೆಯ ಮೇಲೆ ನಾನು ಕಳಿಸಿದ ಫೋಟೋ ಇತ್ತು. ಚೌಕಟ್ಟು ಹಾಕಿಸಿದ್ದಾರೆ. ಕುಂಕುಮ ಹಚ್ಚಿದ್ದಾರೆ.

ಫಕೀರವ್ವ ಅದರ ಕೆಳಗೆ ಹೋಗಿ ನಿಂತಳು. "ನೋಡ್ರಿ, ಇಂಥಾ ಚಲೋ ಬೂಟ ಕೊಟ್ಟಿದ್ರ ಮಾಲಕ್ರು. ಈ ಹುಚ್ಚ ಮೂಳ ತಗದ ಇಟ್ಟ ನಿಂತಾನ. ಸೆಕಿ ಆತೋ ಏನೋ. ಹಾಕ್ಕೊಂಡಿದ್ರ ಇವತ್ತ ಕಾಲ ಇರತಿತ್ತು. ಯಾಕ ತಗದೋ ಅಂತ ಕೇಳಿ ಕೇಳಿ ಸಾಕಾತು, ಬಾಯಿ ಬಿಡವಲ್ಲ."

"ಕೊಟ್ಟೇ ಇಲ್ಲ ಅಂತ ಎಷ್ಟ ಸಲ ಹೇಳಬೇಕ ಯವ್ವಾ," ಎಂದ ಬೀರೇಶ, ಗೋಡೆ ಕಡೆ ಹೊರಳಿ.

"ಹಿಂಗ ಅಂತಾನ ನೋಡ್ರಿ. ಕಣ್ಣಮುಂದ ಐತಿ, ಕೊಟ್ಟಿಲ್ಲ ಅಂತಾನ."

ಅಪ್ಪ ಎದ್ದ. ಚೌಕಟ್ಟಿನ ಹತ್ತಿರ ಹೋಗಿ ಎಡಗಾಲಿನ ಬೂಟಿನ ಮೇಲೆ ಬೆರಳಿಟ್ಟ. "ಯವ್ವಾ, ಇದು ಬೂಟ ಅಲ್ಲ. ಬಣ್ಣ. ನಾ ಪೇಂಟರ್ ಅದೀನಿ, ನನ್ನ ಕೈಲೆ ಬರದದ್ದು ಇದು. ನಿನ್ನ ಮಗಾ ಖರೇ ಹೇಳಾಕ ಹತ್ತ್ಯಾನ."

ಫಕೀರವ್ವ ಅಪ್ಪನ ಮುಖ ನೋಡಿದಳು, ಅವನ ಪೊರೆ ಬಂದ ಕಣ್ಣು ನೋಡಿದಳು. ಅವಳ ಮುಖದಲ್ಲಿ ಕನಿಕರವೇ ಕಂಡಿತು. "ನೀವು ದೊಡ್ಡವರು, ನನ್ನ ಮಗನ ಮ್ಯಾಲ ಕರಳ ಐತಿ, ಅದಕ್ಕ ಹಿಂಗ ಅಂತೀರಿ. ಫೋಟೋದಾಗ ಯಾರರೆ ಬರೀತಾರೇನ್ರಿ? ಜಗತ್ತೆಲ್ಲಾ ನೋಡೈತಂತ ಇದನ್ನ. ಜಗತ್ತೆಲ್ಲಾ ನೋಡಿದ್ದು ಸುಳ್ಳ ಹೆಂಗ ಆಗತೈತಿ?" ಆಮೇಲೆ ನನ್ನ ಕಡೆ ತಿರುಗಿದಳು. "ನೀ ಹೇಳ ತಂಗಿ. ಫೋಟೋ ತಗದಾಕಿ ನೀನ ಅಲ್ಲ?"

ಬಸ್ಸಿನ ಹೊತ್ತಾಯಿತು ಅಂದೆ.

ಅಪ್ಪ ಹೊರಗೆ ಹೋಗಿ ಕೊಡೆ ಬಿಚ್ಚುತ್ತಿದ್ದ. ಬೀರೇಶ ಮೆಲ್ಲಗೆ ಕರೆದ. "ಅಕ್ಕಾರ, ಒಂದ ಮಾತ. ದಿನಾ ಅದನ್ನ ನೋಡಿ ನೋಡಿ, ನನಗ ಖರೇನ ಬೂಟ ಕೊಟ್ಟಿದ್ರೇನೋ, ನಾನ ಮರತೇನೇನೋ ಅನಸಾಕ ಹತ್ತೈತ್ರಿ. ಕೊಟ್ಟಿದ್ದಿಲ್ಲ ಅಲ್ರಿ?"

ಇಲ್ಲ ಬೀರೇಶ, ಕೊಟ್ಟಿರಲಿಲ್ಲ ಅಂದೆ. ಫಕೀರವ್ವ ಕುರಿಗೆ ಸೊಪ್ಪು ಹಾಕುತ್ತಿದ್ದಳು, ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಲಿಲ್ಲ.

ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತು ಅತ್ತೆ. ಅಪ್ಪ ಕಿಟಕಿ ಆಚೆ ನೋಡುತ್ತಿದ್ದ, ನೋಡಲು ಏನೂ ಇರಲಿಲ್ಲ, ಗಾಜಿನ ತುಂಬ ನೀರು.

ಜುಲೈ ೧೦, ಮಂಗಳವಾರ

ಹೊಸ ಫೌಂಡ್ರಿಯವರ ಪುಟ ಮಾಡಲು ಕೂತೆ. ಕಪ್ಪು ಹಿನ್ನೆಲೆ ಹಾಕಿದೆ. ಮುಂದೆ ಏನೂ ತೋಚಲಿಲ್ಲ.

ಅಪ್ಪ ನಾಲ್ಕು ದಿನದಿಂದ ಆಟೋ ನಗರಕ್ಕೆ ಹೋಗಿಲ್ಲ ಎಂದು ಇವತ್ತು ಗೊತ್ತಾಯಿತು. ಕಣ್ಣು ಮಂಜಾಗಿದೆ ಅನ್ನುತ್ತಾನೆ. ಕಣ್ಣು ಮೊದಲೂ ಮಂಜಾಗಿತ್ತು.

ಜುಲೈ ೧೭, ಮಂಗಳವಾರ

ಗುರುವಾರ ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ. ಬಾಳಾಸಾಹೇಬರ ವಕೀಲರಿಗೆ ಭಾರಿ ಉತ್ಸಾಹ. ಕಾಗದದ ಮೇಲಿನ ಪ್ರಿಂಟ್ ತೋರಿಸಿದರೆ ಏನು ಬಂತು, ಕಚೇರಿಯ ಎದುರಿನ ಸೈಬರ್ ಕೆಫೆಯಲ್ಲಿ ವೆಬ್‌ಸೈಟನ್ನೇ ತೆರೆದು ತೋರಿಸೋಣ, ಅಧಿಕಾರಿಗಳೂ ಒಪ್ಪಿದ್ದಾರೆ ಎಂದರು. ಇಡೀ ಜಗತ್ತು ನೋಡಿದ್ದನ್ನೇ ಅವರೂ ನೋಡಲಿ ಎಂಬುದು ಅವರ ವಾದ. ತೆರೆಯಲು ನಾನು ಬರಬೇಕಂತೆ.

"ಫರ್ಸ್ಟ್ ಇಂಪ್ರೆಶನ್ ಬಾಳ ಮುಖ್ಯ ನೋಡ್ರಿ ಮೇಡಂ, ಕೇಸಿನ್ಯಾಗೂ," ಎಂದು ನಕ್ಕರು.

ಇವತ್ತು ಅಂಗಡಿಯಿಂದ ಬೇಗ ಬಂದೆ. ಡೈರಿಯ ಹಿಂದಿನ ರಟ್ಟಿನಿಂದ ಫೋಟೋ ತೆಗೆದು ಅಪ್ಪನ ಮುಂದಿಟ್ಟೆ. ಕರಿ ದಾರ ಚೆನ್ನಾಗಿ ಕಾಣುತ್ತದೆ. ನಿನ್ನ ಬೂಟು ತೆಗೆಯಲೇ ಅಪ್ಪಾ ಎಂದು ಕೇಳಿದೆ.

"ಕೇಳತೀಯೇನ ನನ್ನ?" ಎಂದ.

ಜುಲೈ ೧೯, ಗುರುವಾರ

ಗಜಾನನ ಸರ್ ನಾಳೆಯಿಂದ ಬರಬೇಡ ಎಂದರು. ಅದನ್ನು ಮೊದಲು ಬರೆದು ಮುಗಿಸುತ್ತೇನೆ. ತಿರುಗುವ ಕುರ್ಚಿಗೆ ಕೈ ಮುಗಿದು ಬಂದೆ.

ಬೆಳಿಗ್ಗೆ ಸರ್ ಬರುವ ಮೊದಲೇ ಅಂಗಡಿ ತೆಗೆದೆ. ಫೋಟೋ ಸ್ಕ್ಯಾನ್ ಮಾಡಿದೆ. ಹಳೆಯ ಚಿತ್ರದ ಹೆಸರನ್ನೇ ಕೊಟ್ಟು, ವೆಬ್‌ಸೈಟಿನಲ್ಲಿ ಅದರ ಜಾಗಕ್ಕೇ ಕಳಿಸಿದೆ. ಮತ್ತೇನೂ ಮುಟ್ಟಲಿಲ್ಲ. ಲೈನು ಎರಡು ಸಲ ಕಡಿಯಿತು, ಮೂರನೆಯ ಸಲ ಹೋಯಿತು.

ಬೀರೇಶ ಕಂಕುಳಿಗೆ ಕೋಲು ಸಿಕ್ಕಿಸಿಕೊಂಡು ಕಚೇರಿಯ ಮೆಟ್ಟಿಲು ಇಳಿದು, ರಸ್ತೆ ದಾಟಿ, ಕೆಫೆಯ ಮೆಟ್ಟಿಲು ಹತ್ತುವವರೆಗೆ ಎಲ್ಲರೂ ಕಾಯಬೇಕಾಯಿತು. ಫಕೀರವ್ವ ಅವನ ಎಡಬದಿಗೆ ಇದ್ದಳು. ಬಾಳಾಸಾಹೇಬರು ಅವಳಿಗೆ ನಮಸ್ಕಾರ ಮಾಡಿದರು. ಅವಳೂ ಮಾಡಿದಳು, ತಪ್ಪು ತನ್ನ ಮಗನದು ಎಂಬ ನಾಚಿಕೆಯಲ್ಲಿ ತಲೆ ತಗ್ಗಿಸಿ.

ನಾನು ಕೂತು ವಿಳಾಸ ಒತ್ತಿದೆ. ಬೆನ್ನ ಹಿಂದೆ ಅಧಿಕಾರಿ, ವಕೀಲರು, ಬಾಳಾಸಾಹೇಬರು, ಇವರಿಬ್ಬರು. ಮೊದಲು ಕಪ್ಪು ಬಂತು. ಆಮೇಲೆ ಕಿಡಿಗಳು ಒಂದೊಂದಾಗಿ ಇಳಿದವು.

"ನೋಡ್ರಿ ಸಾಹೇಬ್ರ, ಬೇಕಾದ ದೇಶದಾಗ ಬೇಕಾದವರು ನೋಡಬಹುದು ಇದನ್ನ. ಮುಚ್ಚಿಡೂದು ಏನೂ ಇಲ್ಲ ನಮ್ಮ ಕಡೆ," ಎಂದರು ವಕೀಲರು.

ಮುಖ ಬಂತು. ಅಧಿಕಾರಿ ಒಮ್ಮೆ ಬೀರೇಶನ ಕಡೆ ನೋಡಿ ಮತ್ತೆ ಪರದೆ ನೋಡಿದರು. ಕೈ ಬಂತು, ಸೌಟು ಬಂತು, ಕೆಂಪು ಕಬ್ಬಿಣ ಬಂತು. ಮೊಣಕಾಲಿಗೆ ಬಂದು ಲೈನು ನಿಂತಿತು. ನಾಲ್ಕು ತಿಂಗಳ ಹಿಂದೆ ಇದೇ ಕಾಯುವಿಕೆಗೆ ನನ್ನ ಬೆನ್ನು ನಾನು ತಟ್ಟಿಕೊಂಡಿದ್ದೆ. ಬಾಳಾಸಾಹೇಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಹೊರಗೆ ಯಾವುದೋ ಲಾರಿ ಹೋಯಿತು.

ಮತ್ತೆ ಒಂದು ಗೆರೆ ಇಳಿಯಿತು. ಮೀನಖಂಡ. ಕರಿ ದಾರ. ಆಮೇಲೆ ಗಿಣ್ಣು, ಪಾದ, ಹತ್ತು ಬೆರಳು, ಮರಳು.

"ಇದೇನ್ರಿ ಇದು?" ಎಂದರು ವಕೀಲರು. ಬಾಳಾಸಾಹೇಬರು ಕನ್ನಡಕ ಹಾಕಿಕೊಂಡು ನೋಡಿದರು. ನಾನು ಎದ್ದು ನಿಂತು ಅಧಿಕಾರಿಗಳಿಗೆ ಹೇಳಿದೆ. ತೆಗೆದ ಫೋಟೋ ಇದು. ಬೂಟು ಹಾಕಿದ್ದು ನಾನು. ಮತ್ತೊಮ್ಮೆ ಫೋಟೋ ತೆಗೆಯೋಣ, ಬೂಟು ತರಿಸುತ್ತೇನೆ ಎಂದು ಮಾಲಕರು ಹೇಳಿದ್ದರು, ಬೇಡ ಎಂದವಳೂ ನಾನು. ನಿಮ್ಮ ಕಡತದಲ್ಲಿರುವ ಕಾಗದದ ಮೇಲಿನ ಸಹಿ ನನ್ನದೇ, ಅದರಲ್ಲಿ ಬರೆದದ್ದು ಸುಳ್ಳು. ಅವರು ಎಲ್ಲವನ್ನೂ ಬರೆದುಕೊಂಡು, ಮುಂದಿನ ತಾರೀಖಿಗೆ ನಾನೂ ಬರಬೇಕು ಎಂದರು. ನನ್ನ ಮೇಲೂ ಕ್ರಮ ಆಗಬಹುದು, ಗೊತ್ತಿದೆಯೇ ಎಂದು ಕೇಳಿದರು. ಗೊತ್ತಿದೆ ಅಂದೆ.

ಇಷ್ಟೆಲ್ಲ ಆಗುವಾಗ ಫಕೀರವ್ವ ನಮ್ಮ ಯಾರ ಮಾತೂ ಕೇಳುತ್ತಿರಲಿಲ್ಲ. ಮುಂದೆ ಬಂದು ಪರದೆಯ ಮೇಲೆ ಬೆರಳಿಟ್ಟಳು, ಎಡಗಾಲಿನ ಗಿಣ್ಣಿನ ಮೇಲೆ.

"ಇದು ಮಾಯಕ್ಕದೇವಿ ದಾರ," ಎಂದಳು. "ನಾ ಕಟ್ಟಿದ್ದು." ಬೆರಳು ತೆಗೆಯದೆ ಮಗನ ಕಡೆ ತಿರುಗಿದಳು. "ನೀ ಖರೇ ಹೇಳತಿದ್ದಿ ಅಲ್ಲೋ ಬೀರೂ. ಒಂದ ತಿಂಗಳ ನಾ ನಿನ್ನ ಬೈದೆ."

ಬೀರೇಶ ಕೋಲಿನ ಮೇಲೆ ಭಾರ ಹಾಕಿ ಪರದೆಗೆ ಬಗ್ಗಿದ. ಬೆಂಕಿ ನೋಡಲಿಲ್ಲ, ತನ್ನ ಮುಖ ನೋಡಲಿಲ್ಲ, ಕೆಳಗಿನ ಪಾದಗಳನ್ನೇ ನೋಡಿದ.

"ಎರಡೂ ಅದಾವ ನೋಡ ಯವ್ವಾ," ಎಂದ.

ಅಧಿಕಾರಿಗಳು ಆ ಪುಟದ ಪ್ರಿಂಟ್ ತೆಗೆಯಲು ಹೇಳಿದರು. ಫಕೀರವ್ವನ ಬೆರಳು ಇನ್ನೂ ಗಾಜಿನ ಮೇಲೇ ಇತ್ತು. ಅವಳು ತೆಗೆಯುವವರೆಗೆ ನಾನು ಮೌಸ್ ಮುಟ್ಟಲಿಲ್ಲ.